ಸೀಲಿಗೆ ಮಾತ್ರ ಜವಾಬ್ದಾರ

ನನ್ನ ತಮ್ಮನಿಗೆ ಹುಚ್ಚಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಪೂರ್ತಿ ಓದಿದ ಮೇಲೆ ಹೇಳಿದ್ರೆ ನೀವು ನಂಬಲ್ಲ. ಡಾಕ್ಟರಿಗೂ ತೋರಿಸಿದೀವಿ. ಆಂಡರ್ಸನ್‌ಪೇಟೆ ಡಾಕ್ಟರು ಅವನ ಕಣ್ಣಿಗೆ ಬ್ಯಾಟರಿ ಬಿಟ್ಟು, ನಾಲಿಗೆ ಚಾಚಿಸಿ ನೋಡಿ, "ಎಲ್ಲಾ ಸರಿಯಾಗೇ ಇದೆಯಲ್ಲಮ್ಮಾ, ಏನು ತೊಂದರೆ?" ಅಂದ್ರು. ನಾನು ಬಾಯಿ ತೆಗೆಯೋ ಮೊದಲೇ ಇವನು, "ಡಾಕ್ಟ್ರೇ, ನಿಮ್ಮ ಹೆಸರು ಯಾವ ವಾರ್ಡಿನ ಮತದಾರರ ಪಟ್ಟೀಲಿದೆ?" ಅಂತ ಕೇಳಿದ. ಡಾಕ್ಟರು ನನ್ನ ಮುಖ ನೋಡಿದ್ರು. ನಾನು ಗೋಡೆ ನೋಡಿದೆ.

ಅವನ ಹೆಸರು ಹೇಳಲ್ಲ. ಹೇಳಿದ್ರೂ ಏನು ಪ್ರಯೋಜನ? ನಮ್ಮದು ಕ್ಯಾಸಂಬಳ್ಳಿ ಕಡೆ ಹಳ್ಳಿ. ಊರದೇವರ ಹೆಸರನ್ನೇ ಗಂಡುಮಕ್ಕಳಿಗೆ ಇಡೋದು ವಾಡಿಕೆ. ಪಂಚಾಯ್ತಿ ಆಫೀಸಿನ ಮುಂದೆ ನಿಂತು ಆ ಹೆಸರು ಕೂಗಿದ್ರೆ ಹನ್ನೊಂದು ಜನ "ಓ" ಅಂತಾರೆ. ಅದರಲ್ಲಿ ನನ್ನ ತಮ್ಮನೂ ಸೇರಿ ಮೂರು ಜನಕ್ಕೆ ಅಪ್ಪನ ಹೆಸರೂ ಅದೇ! ಅದಕ್ಕೇ ನಾವು ಒಬ್ಬನ್ನ ಎಮ್ಮೆ, ಒಬ್ಬನ್ನ ಸೈಕಲ್ಲು, ಕೋಲೂರಿಕೊಂಡು ಓಡಾಡೋ ಮುದುಕನನ್ನ ಕೋಲಪ್ಪ ಅಂತ ಕರೀತೀವಿ. ನನ್ನ ತಮ್ಮ ಎಲೆಕ್ಷನ್ನು. ಈ ಹೆಸರಿನ ಗಲಾಟೆ ಸ್ವಲ್ಪ ನೆನಪಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಬಂಗಾರಪೇಟೆಯ ಒಂದು ಸರ್ಕಾರಿ ಆಫೀಸಲ್ಲಿ ಅವನು ಅಟೆಂಡರ್ ಆಗಿದ್ದ. ಬೆಲ್ಲು ಹೊಡೆದ್ರೆ ಏಳೋದು, ಫೈಲು ಹೊರೋದು, ಸಾಹೇಬರಿಗೆ ನೀರು ಕೊಡೋದು. ಅವನ ಪ್ರಕಾರ ಇದೆಲ್ಲ ಬರೀ ಹೊಟ್ಟೆಪಾಡು. ನಿಜವಾದ ಕೆಲಸ ಅಂದ್ರೆ ಎಲೆಕ್ಷನ್ ಡ್ಯೂಟಿ. ಎಲೆಕ್ಷನ್ ಡ್ಯೂಟಿ ಬಂತು ಅಂದ್ರೆ ಮಿಕ್ಕ ನೌಕರರಿಗೆಲ್ಲ ಸೊಂಟನೋವು ಬರುತ್ತೆ, ಬಿ.ಪಿ. ಏರುತ್ತೆ, ಸತ್ತ ಅತ್ತೆ ಇನ್ನೊಂದು ಸಲ ಸಾಯ್ತಾಳೆ, ಅಲ್ವಾ? ನನ್ನ ತಮ್ಮ ಮಾತ್ರ ಹೊಸ ಚಪ್ಪಲಿ ತಗೊಳ್ತಿದ್ದ!

ಒಂದು ಸಲ ನಾನು ಸುಮ್ಮನಿರಲಾರದೆ, "ಲೇ, ಆ ಡೆಲ್ಲಿಯೋರು ನಿಂಗೇನು ಕೊಟ್ಟವ್ರೆ ಅಂತ ಇಂಗೆ ಕುಣೀತೀಯಾ?" ಅಂದೆ.

ಕಿವಿ ಕೆಂಪಗಾಯ್ತು ಅವನಿಗೆ. "ಅಕ್ಕಯ್ಯ, ಡೆಲ್ಲಿ ಆಯೋಗ ಬೇರೆ, ನಮ್ಮ ರಾಜ್ಯದ ಆಯೋಗ ಬೇರೆ. ಎಂ.ಪಿ., ಎಮ್ಮೆಲ್ಲೆ ಎಲೆಕ್ಷನ್ನು ಅವರದು. ಪಂಚಾಯ್ತಿ, ಮುನಿಸಿಪಾಲ್ಟಿ ನಮ್ಮೋರದು."

"ನಿಮ್ಮೋರು ಯಾರ ಕೈ ಕೆಳಗೆ? ಮಂತ್ರಿ ಕೈ ಕೆಳಗಾ?"

"ಯಾರ ಕೈ ಕೆಳಗೂ ಇಲ್ಲ!"

"ಎಮ್ಮೆಲ್ಲೆ ಏಳಿದ್ರೆ?"

"ಕೇಳಲ್ಲ!"

"ಎಮ್ಮೆಲ್ಲೆ ಹೆಂಡ್ತಿ ಏಳಿದ್ರೆ?"

"ಅಕ್ಕಯ್ಯ!" ಅಂತ ಎದ್ದು ಹೋದ.

ನನಗೆ ಅರ್ಥವಾಗಿದ್ದು ನನ್ನ ರೀತೀಲಿ. ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾಗುವಾಗ ಪರವೂರಿಂದ ಒಬ್ಬ ಹಿರಿಯನ್ನ ಕರೆಸ್ತಾರೆ. ಅವನು ಅಣ್ಣನ ಮನೇಲೂ ಉಣ್ಣಲ್ಲ, ತಮ್ಮನ ಮನೇಲೂ ನೀರು ಕುಡಿಯಲ್ಲ. ಅರಳೀಕಟ್ಟೆ ಮೇಲೆ ಕೂತು, ತಾನು ಕಟ್ಟಿಕೊಂಡು ಬಂದ ಬುತ್ತಿ ತಿಂದು, ಕೋಣೆ ಇವನಿಗೆ, ಕೊಟ್ಟಿಗೆ ಅವನಿಗೆ ಅಂತ ಹೇಳಿ, ಟವಲ್ ಕೊಡವಿ ಎದ್ದು ಹೋಗ್ತಾನೆ. ಆಯೋಗ ಅಂದ್ರೆ ಆ ಮುದುಕ. ಹಿಂಗಂತ ತಮ್ಮನಿಗೆ ಹೇಳಿದೆ. ಅವನು, "ಹೆಚ್ಚುಕಮ್ಮಿ ಸರಿ. ಆದ್ರೆ ಆದೇಶ ಬರವಣಿಗೇಲಿರಬೇಕು" ಅಂದ.

ಅವನ ಕೈಗೆ ಬರ್ತಿದ್ದ ಕೆಲಸ ಅರಗಿನದು. ಓಟಿನ ಡಬ್ಬಿಗೆ, ಲಕೋಟೆಗೆ, ಚೀಲಕ್ಕೆ ದಾರ ಸುತ್ತಿ, ಅರಗು ಕರಗಿಸಿ ಸುರಿದು, ಅದರ ಮೇಲೆ ಹಿತ್ತಾಳೆ ಮೊಹರು ಒತ್ತೋದು. ಡ್ಯೂಟಿಗೆ ಬಂದ ಮೇಷ್ಟ್ರುಗಳೆಲ್ಲ ಬೆರಳು ಸುಟ್ಟುಕೊಂಡು ಊದಿಕೊಳ್ಳೋ ಕೆಲಸ. ಒಂದು ವರ್ಷ ಉರಿಗಾಂ ಕಡೆ ಸ್ಕೂಲಲ್ಲಿ ಇವನಿಗೆ ಡ್ಯೂಟಿ ಬಿತ್ತು. ಸೀಲು ಹಾಕೋ ಹೊತ್ತಿಗೆ ಯಾರೋ ಬಾಗಿಲು ತೆಗೆದ್ರು, ಗಾಳಿ ನುಗ್ಗಿತು, ಮೇಣದಬತ್ತಿ ವಾಲಿತು, ಕುದಿಯೋ ಅರಗು ಇವನ ಬಲಗೈ ಮೇಲೆ ಸುರೀತು. ಬೇರೆಯವರಾಗಿದ್ರೆ ಡಬ್ಬಿ ಎಸೆದು ನಲ್ಲಿ ಹುಡುಕಿಕೊಂಡು ಓಡ್ತಿದ್ರು. ಇವನು ಮೊಹರು ಒತ್ತಿ ಹಿಡಿದೇ ನಿಂತಿದ್ದ! ತೆಗೆದ್ರೆ ಅಚ್ಚು ಕೆಡುತ್ತಂತೆ! ಅಚ್ಚು ಬಲು ಚೆನ್ನಾಗಿ ಬಂತಂತೆ, ದೊಡ್ಡ ಸಾಹೇಬರೇ ಹೊಗಳಿದ್ರಂತೆ. ಬೆರಳು ಎರಡು ಮಡಚಿಕೊಂಡಿದ್ದು ಹಾಗೇ ನಿಂತವು.

ಅವತ್ತಿಂದ ಅವನಿಗೆ ಬ್ಲೇಡು ಹಿಡಿಯೋಕಾಗಲ್ಲ. ಹೆಂಡತಿ ಇದ್ದಾಗ ಅವಳು ಉಗುರು ತೆಗೀತಿದ್ಲು. ಅವಳು ಹೋದ ಮೇಲೆ ಆ ಕೆಲಸ ನನ್ನ ತಲೆಗೆ ಬಂತು. ಎರಡು ವಾರಕ್ಕೊಂದು ಬುಧವಾರ, ಅವನು ಪಕ್ಕದ ಮನೆಯಿಂದ ಬಂದು ನಮ್ಮ ಜಗಲಿ ಮೇಲೆ ಕೈ ಚಾಚಿಕೊಂಡು ಕೂರ್ತಾನೆ. ನಾನು ಅರ್ಧ ಬ್ಲೇಡಲ್ಲಿ ಕತ್ತರಿಸ್ತೀನಿ, ಅವನು ಎಲೆಕ್ಷನ್ ನಿಯಮ ಹೇಳ್ತಾನೆ. ಹತ್ತು ಉಗುರಿಗೆ ಹತ್ತು ನಿಯಮ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನಗೆ ಇಷ್ಟೊಂದು ಕಾನೂನು ಹೆಂಗೆ ಗೊತ್ತು ಅಂತ ಕೇಳ್ತೀರಲ್ಲ, ಎಲ್ಲಾ ಉಗುರಿನ ಪಾಠ.

ರಿಟೈರ್ ಆದ ಮೇಲೆ ಸೀಲು ಹಾಕೋಕೆ ಡಬ್ಬಿ ಸಿಗದೆ ಒದ್ದಾಡಿಹೋದ. ಆಮೇಲೆ ನಮ್ಮ ಮನೆ ಉಪ್ಪಿನಕಾಯಿ ಜಾಡಿ ಕಣ್ಣಿಗೆ ಬಿತ್ತು. ತಪ್ಪು ನನ್ನದೇ. "ಮಾವಿನಕಾಯಿ ಹಾಕಿ ವಾರ ಆಗಿಲ್ಲ, ಸೊಸೆ ಆಗ್ಲೇ ಕೈ ಹಾಕ್ತಾವ್ಳೆ" ಅಂತ ಅವನೆದುರು ಗೊಣಗಿದೆ. ಅಷ್ಟೇ ಸಾಕಾಯ್ತು. ಅರಗು, ದಾರ, ಬಿಳಿ ಬಟ್ಟೆ ಎಲ್ಲಾ ತಂದ. ಜಾಡಿ ಬಾಯಿಗೆ ಬಟ್ಟೆ ಕಟ್ಟಿ, ದಾರ ಬಿಗಿದು, ಅರಗು ಸುರಿದು, ಹಳೇ ಯೂನಿಫಾರ್ಮ್ ಕೋಟಿನ ಗುಂಡಿ ಒತ್ತಿದ. ಒಂದು ಹಾಳೇಲಿ ಇದ್ದೋರೆಲ್ಲರ ಸಹಿ ತಗೊಂಡ.

"ಮಾವಯ್ಯ, ನಾನೂ ಸಹಿ ಆಕ್ಬೇಕಾ?" ಅಂದ್ಲು ಸೊಸೆ.

"ನಿನ್ನ ಮೇಲೇ ದೂರು ಇರೋದು. ನೀನು ಮೊದಲು ಹಾಕು."

ಶ್ರಾವಣದಲ್ಲಿ ನೆಂಟರು ಬಂದ್ರು. ಜಾಡಿ ತೆಗೀಬೇಕು ಅಂದೆ. ಸುಮ್ಮನೆ ತೆಗೆಯೋಕಾಗುತ್ತಾ? ಮುದ್ದೆ ತಟ್ಟೇಲಿ ಆರ್ತಾ ಇದೆ, ಇವನು ಜಾಡೀನ ಒಬ್ಬೊಬ್ಬರ ಮುಖದ ಮುಂದೆ ಹಿಡಿದು, "ಸೀಲು ನೆಟ್ಟಗಿದೆಯಾ? ಬಾಯಿ ಬಿಟ್ಟು ಹೇಳಿ" ಅಂತಿದಾನೆ. ನೆಂಟರು ನೆಟ್ಟಗಿದೆ ಅಂದ್ರು. ದಾರ ಕತ್ತರಿಸಿ ಬಟ್ಟೆ ಬಿಚ್ಚಿದ. ಒಳಗೆ ಬೆಳ್ಳಗೆ, ಹತ್ತಿ ಹಾಸಿದ ಹಂಗೆ ಬೂಷ್ಟು! ಒಂದು ಹೋಳೂ ಉಳಿದಿರಲಿಲ್ಲ. ನಾನು ಸೌಟು ಎತ್ತಿಕೊಂಡೆ. ಅವನು ಎರಡು ಹೆಜ್ಜೆ ಹಿಂದಕ್ಕೆ ಹೋಗಿ, "ನೋಡು ಅಕ್ಕಯ್ಯ, ಒಳಗಿರೋದಕ್ಕೆ ನಾನು ಜವಾಬ್ದಾರ ಅಲ್ಲ. ಸೀಲಿಗೆ ಮಾತ್ರ" ಅಂದ.

ಇಷ್ಟೆಲ್ಲ ಮೆರೆದ ಮನುಷ್ಯ ತನ್ನ ಜೀವಮಾನದಲ್ಲಿ ಒಂದು ಓಟು ಹಾಕಿರಲಿಲ್ಲ ಅಂದ್ರೆ ನಂಬ್ತೀರಾ? ನಾವೆಲ್ಲ ನಮ್ಮೂರಲ್ಲಿ ಓಟು ಹಾಕೋ ದಿನ ಇವನು ಇನ್ಯಾವುದೋ ಊರಲ್ಲಿ ಡಬ್ಬಿ ಕಾಯ್ತಾ ಇರ್ತಿದ್ದ. ಡ್ಯೂಟಿಯೋರು ಅಂಚೇಲಿ ಓಟು ಕಳಿಸಬಹುದು. ಆ ಅರ್ಜಿಗಳನ್ನ ಆಫೀಸಲ್ಲಿ ಎಲ್ಲರ ಟೇಬಲ್ಲಿಗೂ ಹಂಚೋನು ಇವನೇ. ಹಂಚಿ, ನೆನಪು ಮಾಡಿ, ತುಂಬಿದ್ದನ್ನ ವಾಪಸ್ ಇಸ್ಕೊಂಡು ಬರೋಷ್ಟರಲ್ಲಿ ತನ್ನದು ಮರೆತಿರ್ತಿದ್ದ. ಒಂದು ಸಲ ಅಲ್ಲ, ಪ್ರತಿ ಸಲ! ಊರಿನೋರೆಲ್ಲ ಎಡಗೈ ಬೆರಳಲ್ಲಿ ಮಸಿ ಗುರುತು ಇಟ್ಕೊಂಡು ಓಡಾಡ್ತಿದ್ರೆ, ಇವನ ಬೆರಳು ಖಾಲಿ. ರಿಟೈರ್ ಆದ ಮೇಲೆ ಹೆಸರನ್ನ ಊರಿನ ಪಟ್ಟಿಗೆ ಹಾಕಿಸ್ಕೊಂಡ. ಪಟ್ಟಿ ಬಂದ ದಿನ ಪಂಚಾಯ್ತಿ ಗೋಡೆ ಮುಂದೆ ನಿಂತು ತನ್ನ ಹೆಸರು ನೋಡಿದ್ದೇ ನೋಡಿದ್ದು, ಹೆಣ್ಣು ನೋಡೋಕೆ ಹೋದಾಗಲೂ ಅಷ್ಟು ಹೊತ್ತು ನೋಡಿರಲಿಲ್ಲ.

ಅಷ್ಟರಲ್ಲಿ ಪಂಚಾಯ್ತಿ ಎಲೆಕ್ಷನ್ ಬಂತು. ನಮ್ಮ ವಾರ್ಡು ಲೇಡೀಸ್ ಸೀಟಾಯ್ತು. ಮೇಲಿನ ಬೀದಿ ಸುಗುಣಮ್ಮನ್ನ ಅವಿರೋಧವಾಗಿ ಆರಿಸೋಣ ಅಂತ ಊರ ಯಜಮಾನರೆಲ್ಲ ಸೇರಿ ಮಾತಾಡ್ಕೊಂಡ್ರು. ಅವಿರೋಧ ಯಾಕೆ? ನನ್ನ ಕೇಳಿದ್ರಾ? ನನಗೆ ವಿರೋಧ ಇತ್ತು!

ನಮ್ಮದು ಕೆಳಗಿನ ಬೀದಿ. ಮೇಲಿನ ಬೀದಿ ಬಚ್ಚಲು ನೀರೆಲ್ಲ ಮೋರೀಲಿ ಹರಿದು ಬಂದು ನಮ್ಮ ಬೀದಿ ನಲ್ಲಿ ಹತ್ತಿರ ನಿಲ್ಲುತ್ತೆ. ಅಲ್ಲಿಂದ ಮುಂದಕ್ಕೆ ಮೋರೀನೇ ಇಲ್ಲ. ಬಿಂದಿಗೆ ಇಟ್ಟರೆ ಬಿಂದಿಗೆ ತಳ ಕಪ್ಪು. ಅದೇ ಜಾಗದಲ್ಲಿ ನಾನು ಜಾರಿ ಬಿದ್ದು ಮೊಣಕೈ ಮುರ್ಕೊಂಡಿದ್ದು. ಸುಗುಣಮ್ಮ ಕೆಟ್ಟೋಳಲ್ಲ. ಆದ್ರೆ ಅವಳಿಗೆ ಮೋರಿ ಅಂದ್ರೆ ಹರಿದು ಹೋಗೋದು, ನಮಗೆ ಬಂದು ನಿಲ್ಲೋದು. ನಾನು ಹೋಗಿ ನಾಮಪತ್ರ ಕೊಟ್ಟುಬಂದೆ.

ಮಾರನೇ ದಿನವೇ ಯಜಮಾನರು ಮೂರು ಜನ ಜಗಲಿಗೆ ಬಂದ್ರು.

"ಏನಮ್ಮಾ, ಮೊಮ್ಮಕ್ಕಳು ಆಡಿಸೋ ವಯಸ್ನಾಗೆ ನಿಂಗ್ಯಾಕೆ ರಾಜಕೀಯ? ಊರು ಒಗ್ಗಟ್ಟಾಗಿರ್ಲಿ. ವಾಪಸ್ ತಗೊಂಬಿಡು."

"ಒಗ್ಗಟ್ಟಾಗಿ ಬಂದು ನಮ್ ಮೋರಿ ಬಳಿದು ಓಗ್ರಿ. ಆವಾಗ ವಾಪಸ್ ತಗೋತೀನಿ."

ಮೂವರೂ ತಮ್ಮ ತಮ್ಮ ಪಂಚೆ ನೋಡಿಕೊಂಡ್ರು. ಆಗ ಪಕ್ಕದ ಜಗಲಿಯಿಂದ ನನ್ನ ತಮ್ಮ ಗಂಟಲು ಸರಿಮಾಡಿಕೊಂಡ. "ಸ್ವಾಮೀ, ಬಲವಂತವಾಗಿ ನಾಮಪತ್ರ ವಾಪಸ್ ತೆಗೆಸೋದು ಅಪರಾಧ. ಆಯೋಗಕ್ಕೆ ಬರೀಬೇಕಾಗುತ್ತೆ." ಆಯೋಗ ಅಂದ ತಕ್ಷಣ ಮೂವರೂ ಎದ್ದು ಹೋದ್ರು.

ನನಗೆ ಎಷ್ಟು ಹಿಗ್ಗು! ಒಡಹುಟ್ಟಿದೋನು ಅಂದ್ರೆ ಹಿಂಗಿರಬೇಕು ಅಂತ ಒಂದು ಲೋಟ ಮಜ್ಜಿಗೆ ತಂದು ಮುಂದೆ ಹಿಡಿದೆ. ಅವನು ಕೈ ಹಿಂದಕ್ಕೆ ಕಟ್ಟಿಕೊಂಡ.

"ಬೇಡ. ನೀನೀಗ ಅಭ್ಯರ್ಥಿ. ನೀತಿ ಸಂಹಿತೆ ಜಾರೀಲಿದೆ."

"ಇದು ಮಜ್ಜಿಗೆ ಕಣ್ಲಾ!"

"ಮತದಾರನಿಗೆ ಕೊಟ್ಟರೆ ಆಮಿಷ."

ದಿನಾ ನಮ್ಮ ಮನೇಲಿ ಉಣ್ಣೋನು, ಅವತ್ತಿಂದ ಕ್ಯಾಸಂಬಳ್ಳಿ ಬಸ್‌ಸ್ಟ್ಯಾಂಡ್ ಹೋಟೆಲಿಗೆ ಹೋಗೋಕೆ ಶುರು ಮಾಡಿದ. ಮೂರನೇ ದಿನಕ್ಕೆ ಹೊಟ್ಟೆ ಕೆಟ್ಟಿತು. ಚೊಂಬು ಹಿಡಿದು ಓಡಾಡೀ ಓಡಾಡೀ ಮಲಗಿಬಿಟ್ಟ. ನಾನು ಗಂಜಿ ಮಾಡಿ ತಗೊಂಡು ಹೋದ್ರೆ ಗೋಡೆ ಕಡೆ ತಿರುಗಿಕೊಂಡ. "ಎದುರು ಅಭ್ಯರ್ಥಿನೂ ಒಂದು ಲೋಟ ಕೊಟ್ಟರೆ ಇಬ್ಬರದೂ ಕುಡೀತೀನಿ. ಒಬ್ಬರದೇ ಆದ್ರೆ ಪಕ್ಷಪಾತ." ಹಾಳಾದೋನೇ ಅಂತ ಬೈದು, ಸೊಸೇನ ಮೇಲಿನ ಬೀದಿಗೆ ಕಳಿಸಿದೆ. ಸುಗುಣಮ್ಮ ನಗ್ತಾ ನಗ್ತಾ ತಾನೇ ಗಂಜಿ ಹಿಡ್ಕೊಂಡು ಬಂದ್ಲು. ಇಬ್ಬರು ಅಭ್ಯರ್ಥಿಗಳು ಮಂಚದ ಆಕಡೆ ಈಕಡೆ ನಿಂತಿದೀವಿ, ಇವನು ಇದರಲ್ಲಿ ಅರ್ಧ, ಅದರಲ್ಲಿ ಅರ್ಧ, ಬೆರಳಲ್ಲಿ ಅಳತೆ ಇಟ್ಟು ಕುಡಿದ.

"ಯಾರದು ಚೆನ್ನಾಗಿತ್ತಪ್ಪಾ?" ಅಂದ್ಲು ಸುಗುಣಮ್ಮ.

"ಅದು ರಹಸ್ಯ" ಅಂದು ಹೊದ್ದುಕೊಂಡ.

ಪಂಚಾಯ್ತಿ ಎಲೆಕ್ಷನ್ನಿಗೆ ಪಾರ್ಟಿ ಇಲ್ಲ. ಆಯೋಗದವರು ಒಂದು ಪಟ್ಟಿ ಇಟ್ಟಿರ್ತಾರೆ, ಅದರಲ್ಲಿರೋ ಗುರುತೇ ಕೊಡೋದು. ಸುಗುಣಮ್ಮನಿಗೆ ಫ್ಯಾನು ಬಂತು. ನನಗೆ ಕುಕ್ಕರ್! ಜನ್ಮದಲ್ಲಿ ನಾನು ಕುಕ್ಕರ್ ಮುಟ್ಟಿಲ್ಲ. ಅದು ಕೂಗಿದ್ರೆ ಈಗಲೂ ಎದೆ ಝಲ್ ಅನ್ನುತ್ತೆ. ಆದ್ರೂ ಸೊಸೆ ಕುಕ್ಕರ್ ಎತ್ತಿ ತೋರಿಸ್ತಾ, ನಾನು ಮೋರಿ ವಿಷಯ ಹೇಳ್ತಾ ಮನೆ ಮನೆ ತಿರುಗಿದ್ವಿ. ಕೊನೇ ಮನೆ ಮುದುಕಿ, ನನಗೆ ದೂರದ ಓರಗಿತ್ತಿ, ಬಾಗಿಲಲ್ಲೇ ತೆಲುಗಲ್ಲಿ ಶುರು ಮಾಡಿದ್ಲು.

"ಏಮಕ್ಕಾ, ಕುಕ್ಕರ್ ಇಸ್ತಾವಾ?"

"ಕುಕ್ಕರ್ ಕೊಡಾಕಿಲ್ಲ. ಮೋರಿ ಮಾಡಿಸ್ತೀನಿ."

"ಮೋರಿ ಕಟ್ಕೊಂಡು ನಾನೇನ್ ಬೇಯಿಸ್ಲಿ? ಕುಕ್ಕರ್ ಕೊಡು!"

"ಸುಗುಣಮ್ಮನ ಹತ್ರ ಫ್ಯಾನ್ ಕೇಳ್ದೆಯಾ?"

"ಕೇಳ್ದೆ. ಅವ್ಳೂ ಕೊಡಾಕಿಲ್ಲ ಅಂದ್ಲು. ನೀವಿಬ್ರೂ ಒಂದೇ ತರ ಜಿಪುಣರು."

ಓಟಿನ ದಿನ ಬಂತು. ನನ್ನ ತಮ್ಮ ಬೆಳಗಾಗೋ ಹೊತ್ತಿಗೆ ತಲೆಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕ್ಕೊಂಡು, ಹೊಸ ಚಪ್ಪಲಿ ಮೆಟ್ಕೊಂಡು ಸ್ಕೂಲಿನ ಬಾಗಿಲಲ್ಲಿ ಮೊದಲನೇ ನಂಬರಲ್ಲಿ ನಿಂತಿದ್ದ. ಅಲ್ಲೇ ನಿಂತಿದ್ರೆ ಈ ಕಥೆ ಇಲ್ಲಿಗೇ ಮುಗೀತಿತ್ತು. ನಿಲ್ತಾನಾ? ಬಾಗಿಲು ತೆಗೆದ್ರು, ಒಬ್ಬಳು ಬಸುರಿ ಬಂದ್ಲು. "ನಿಯಮದ ಪ್ರಕಾರ ನೀನು ಮೊದಲಮ್ಮ." ಕೈಗೂಸಿನೋಳು ಬಂದ್ಲು. "ನೀನು ನಡಿ." ಕಣ್ಣು ಕಾಣದ ಅಜ್ಜಿ ಬಂದ್ಲು. "ದಾರಿ ಬಿಡಿ, ದಾರಿ ಬಿಡಿ!" ಸಾಲು ನೆಟ್ಟಗೆ ಮಾಡ್ತಾನೆ, ಮುದುಕರನ್ನ ಮುಂದಕ್ಕೆ ಬಿಡ್ತಾನೆ, ತಾನು ಅಲ್ಲೇ ನಿಂತಿದಾನೆ. ಬೂತಿನ ಪೊಲೀಸಪ್ಪ ಇವನೇ ಯಾರೋ ಆಫೀಸರ್ರು ಅಂತ ಸೆಲ್ಯೂಟ್ ಹೊಡೆದ! ಕೋಲಪ್ಪನೂ ಬಂದ, ಹೆಸರೂ ಒಂದೇ, ಅಪ್ಪನ ಹೆಸರೂ ಒಂದೇ ಅಂದೆನಲ್ಲ, ಆ ಮೂವರಲ್ಲಿ ಅವನೂ ಒಬ್ಬ. ನನ್ನ ತಮ್ಮ ಅವನ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿ, "ನೀನು ಹೋಗಪ್ಪ ಮೊದಲು" ಅಂತ ಒಳಗೆ ಬಿಟ್ಟ.

ಸಾಲು ಕರಗೋ ಹೊತ್ತಿಗೆ ಬಿಸಿಲೇರಿತ್ತು. ನನ್ನ ತಮ್ಮ ಅಂಗಿ ಎಳ್ಕೊಂಡು, ಕೂದಲು ಒತ್ತಿಕೊಂಡು ಒಳಗೆ ಹೋದ. ಅಭ್ಯರ್ಥಿ ಆದ್ದರಿಂದ ನನ್ನನ್ನೂ ಒಳಗೆ ಬಿಟ್ಟಿದ್ರು, ಬಾಗಿಲ ಹತ್ತಿರ ನಿಂತಿದ್ದೆ. ಹೆಸರು ಹೇಳಿದ. ಪಟ್ಟಿ ನೋಡ್ತಿದ್ದೋರು ಬೆರಳಾಡಿಸಿ, "ಇವರದು ಆಗ್ಲೇ ಆಗಿದೆಯಲ್ಲ" ಅಂದ್ರು.

ನನ್ನ ತಮ್ಮ ತನ್ನ ಎಡಗೈ ಬೆರಳನ್ನ ಎತ್ತಿ ತಾನೇ ಒಂದು ಸಲ ನೋಡಿಕೊಂಡ.

ಆಗಿದ್ದೇನು ಅಂದ್ರೆ, ಕೋಲಪ್ಪ ಬಂದಾಗ ಹೆಸರು ಕೂಗಿದಾರೆ, ಏಜೆಂಟರು ಹೌದು ನಮ್ಮೂರೋನೇ ಅಂದಿದಾರೆ, ಪಟ್ಟಿ ನೋಡೋರು ಗೆರೆ ಎಳೆದಿರೋದು ಎರಡು ಸಾಲು ಮೇಲಿದ್ದ ನನ್ನ ತಮ್ಮನ ಹೆಸರಿಗೆ. ಪಟ್ಟೀಲಿ ಫೋಟೋ ಇರಲ್ವಾ ಅಂತ ಕೇಳಬೇಡಿ. ಆ ಫೋಟೋದಲ್ಲಿ ನಮ್ಮೂರಿನೋರೆಲ್ಲ ಇದ್ದಿಲು ಮೂಟೆ ಥರ ಕಾಣ್ತೀವಿ.

ಬೂತಿನ ಮುಖ್ಯಾಧಿಕಾರಿ ಒಬ್ಬಳು ಚಿಕ್ಕ ವಯಸ್ಸಿನ ಟೀಚರಮ್ಮ, ಪಾಪ, ಒಳ್ಳೇ ಹುಡುಗಿ. "ತಾತ, ತಪ್ಪಾಗಿಬಿಟ್ಟಿದೆ. ಆ ಇನ್ನೊಬ್ಬರ ಹೆಸರು ಖಾಲಿ ಇದೆಯಲ್ಲ, ಅದರಲ್ಲಿ ನೀವು ಹಾಕಿಬಿಡಿ. ಒಂದಕ್ಕೊಂದು ಸರಿಹೋಗುತ್ತೆ" ಅಂದ್ಲು. ಏಜೆಂಟರೂ ತಲೆ ಅಲ್ಲಾಡಿಸಿದ್ರು. ಸುಗುಣಮ್ಮನ ಏಜೆಂಟೇ, "ಆಕ್ಲಿ ಬಿಡಿ ಮೇಡಂ, ನಮ್ದೇನೂ ತಕರಾರಿಲ್ಲ" ಅಂದ.

"ಆ ಹೆಸರು ನನ್ನದಲ್ಲ" ಅಂದ ನನ್ನ ತಮ್ಮ.

"ನಿನ್ನ ಹೆಸರೇ ಅಲ್ವೇನೋ ಅದೂ!" ಅಂತ ನಾನು ಬಾಗಿಲಿಂದ ಕೂಗಿದೆ.

"ಹೆಸರು ನನ್ನದೇ, ಸಂಖ್ಯೆ ನನ್ನದಲ್ಲ. ಇನ್ನೊಬ್ಬನ ಸಂಖ್ಯೇಲಿ ಹಾಕಿದ್ರೆ ಅದು ಕಳ್ಳ ಓಟು. ಮೇಡಂ, ನನಗೆ ಟೆಂಡರ್ ಓಟು ಕೊಡಿ."

ಇದು ಆರನೇ ಉಗುರಿನ ಪಾಠ, ನನಗೆ ಗೊತ್ತಿತ್ತು. ನಿಮ್ಮ ಹೆಸರಲ್ಲಿ ಆಗ್ಲೇ ಯಾರೋ ಓಟು ಹಾಕಿಬಿಟ್ಟಿದ್ರೆ ನಿಮಗೆ ಬೇರೆ ಚೀಟಿ ಕೊಡ್ತಾರೆ. ನೀವು ಮರೇಲಿ ಹೋಗಿ ಮುದ್ರೆ ಒತ್ತಬಹುದು. ಆದ್ರೆ ಅದನ್ನ ಡಬ್ಬಿಗೆ ಹಾಕಲ್ಲ. ಬೇರೆ ಲಕೋಟೇಲಿಟ್ಟು ಸೀಲು ಮಾಡ್ತಾರೆ. ಕೋರ್ಟು ಹೇಳಿದ್ರೆ ಬಿಚ್ಚಿ ನೋಡ್ತಾರೆ, ಇಲ್ಲಾಂದ್ರೆ ಎಣಿಸೋದೇ ಇಲ್ಲ!

ಟೀಚರಮ್ಮನಿಗೆ ಅದು ಗೊತ್ತಿತ್ತೇ ಹೊರತು ಆ ಲಕೋಟೆ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಇವನೇ ಹೇಳಿಕೊಟ್ಟ. "ದೊಡ್ಡ ಚೀಲದ ತಳದಲ್ಲಿ ನೋಡವ್ವ. ಹ್ಞಾ, ಅದೇ. ಚೀಟಿ ಹಿಂದೆ ಟೆಂಡರ್ ಓಟು ಅಂತ ಬರಿ. ಈಗ ನನ್ನ ಸಹಿ ತಗೊ." ಬೆರಳು ಚಾಚಿ ಮಸಿ ಹಾಕಿಸ್ಕೊಂಡ. ಉಗುರಿಗೂ ಚರ್ಮಕ್ಕೂ ಸೇರಿಸಿ ಉದ್ದಕ್ಕೆ ಎಳೆದ್ರು. ಮರೆಗೆ ಹೋದ. ನಾನು ನೂರು ಎಣಿಸಿದೆ, ಇನ್ನೂ ಬರಲಿಲ್ಲ. ಕೊನೆಗೆ ಮಡಚಿದ ಚೀಟೀನ ಎರಡು ಕೈಲೂ ಹಿಡ್ಕೊಂಡು ಬಂದು, ಟೀಚರಮ್ಮ ಲಕೋಟೇಲಿಡೋವರೆಗೂ ಕಣ್ಣು ಕೀಳಲಿಲ್ಲ.

ಎಣಿಕೆ ಬಂಗಾರಪೇಟೆ ಕಾಲೇಜಲ್ಲಿ. ಒಂದೊಂದೇ ಚೀಟಿ ಬಿಚ್ಚಿ ಫ್ಯಾನು, ಕುಕ್ಕರ್, ಕುಕ್ಕರ್, ಫ್ಯಾನು ಅಂತ ಜೋಡಿಸ್ತಾ ಹೋದ್ರು. ಒಂದು ಚೀಟೀಲಿ ಎರಡಕ್ಕೂ ಮುದ್ರೆ ಬಿದ್ದಿತ್ತು. ಅದು ಆ ತೆಲುಗು ಮುದುಕೀದೇ. ಆಮೇಲೆ ತಾನೇ ಬಂದು ಹೇಳಿದ್ಲು, "ಇಬ್ರೂ ನೆಂಟರಲ್ವಾ ಅಕ್ಕಾ, ಒಬ್ಬರಿಗೆ ಆಕಿ ಒಬ್ಬರಿಗೆ ಬಿಟ್ರೆ ಬೇಜಾರಾಗಲ್ವಾ?" ಅಂತ! ಕೊನೆಗೆ ಕಂತೆ ಕಟ್ಟಿದ್ರು. ಸಮ. ಮತ್ತೆ ಎಣಿಸಿ ಅಂದೆ. ಮತ್ತೆ ಸಮ. ಒಂದೇ ಒಂದು ಓಟು ಆಕಡೆ ಇಲ್ಲ, ಈಕಡೆ ಇಲ್ಲ.

ಸಮ ಬಂದ್ರೆ ಚೀಟಿ ಎತ್ತೋದು ಕಾನೂನು. ಎರಡು ಹೆಸರು ಬರೆದು, ಮಡಚಿ, ಒಂದು ಡಬ್ಬೀಲಿ ಹಾಕಿ ಕುಲುಕಿದ್ರು. ಎತ್ತಿದ್ರು. ಸುಗುಣಮ್ಮ.

ನಾನು ಅಳಲಿಲ್ಲ. ಬಸ್ಸಲ್ಲಿ ಊರಿಗೆ ಬರೋ ದಾರಿ ಪೂರ್ತಿ ಒಂದೇ ಲೆಕ್ಕ ಹಾಕಿದೆ. ಒಂದು ಓಟು. ಲಕೋಟೇಲಿ ಮಲಗಿರೋ ಒಂದು ಓಟು. ಅವನು ಎರಡು ಸಾಲು ಕೆಳಗೆ ಬೆರಳಿಟ್ಟು ಹೂಂ ಅಂದಿದ್ರೆ!

ಮನೆಗೆ ಬಂದೋಳೇ ಪಕ್ಕದ ಮನೆಗೆ ಮುದ್ದೆ ಕಳಿಸೋದು ನಿಲ್ಲಿಸಿದೆ. ಈಗ ನೀತಿ ಸಂಹಿತೆ ಇರಲಿಲ್ಲ, ನನ್ನ ಸಂಹಿತೆ ಜಾರಿಗೆ ಬಂತು. ಸೊಸೆ ಸೆರಗಿನಡಿ ತಟ್ಟೆ ಮುಚ್ಕೊಂಡು ಹೋಗಿ ಕೊಡ್ತಿದ್ಲು. ನಾನು ನೋಡಿದ್ರೂ ನೋಡದ ಹಂಗಿದ್ದೆ.

ಊರಿನೋರು ಸುಮ್ಮನಿರ್ತಾರಾ? ಕೋರ್ಟಿಗೆ ಹೋಗು ಅಂದ್ರು. ಕೆ.ಜಿ.ಎಫ್.ನ ವಕೀಲರೊಬ್ಬರಿಗೆ ನನ್ನ ಮಗನೇ ಫೋನ್ ಹಚ್ಚಿಕೊಟ್ಟ. "ಕೇಸು ಹಾಕೋಕೆ ಗಡುವಿದೆಯಮ್ಮ, ಈ ಬುಧವಾರವೇ ಕೊನೆ, ಅಷ್ಟರೊಳಗೆ ಬನ್ನಿ. ಲಕೋಟೆ ಬಿಚ್ಚಿ ಅಂತ ಕೇಳೋಣ. ಆದ್ರೆ ನಿಮ್ಮ ತಮ್ಮ ಬಂದು, ನಾನು ಅಕ್ಕನಿಗೇ ಹಾಕಿದ್ದು ಅಂತ ಹೇಳಿದ್ರೆ ನಮಗೆ ಬಲ" ಅಂದ್ರು. ಹೇಳ್ತಾನಾ ಅವನು?

ಬುಧವಾರ ಬೆಳಗ್ಗೆ ಜಗಲಿ ಮೇಲೆ ಬಂದು ಕೂತಿದ್ದ. ನಾನು ಕರೆದಿರಲಿಲ್ಲ, ಹಿಂದಿನ ಸರದಿ ನನ್ನ ಸಿಟ್ಟಲ್ಲಿ ತಪ್ಪಿಹೋಗಿತ್ತು. ಎರಡು ವಾರಕ್ಕೊಂದು ಬರೋ ಬುಧವಾರ ಇದೇ ಅಂತ ಅವನಿಗೆ ನೆನಪಿತ್ತು. ಬಲಗೈ ಚಾಚಿದ್ದ, ಎಡಗೈ ತೊಡೆ ಕೆಳಗಿತ್ತು. ನಾನು ಬ್ಲೇಡು ತಂದು ಕೂತೆ. ಮಡಚಿಕೊಂಡ ಬೆರಳು ಬಿಡಿಸಿ, ಬಲಗೈಯ ಐದೂ ತೆಗೆದೆ. ಅವತ್ತು ನಿಯಮ ಒಂದೂ ಹೇಳಲಿಲ್ಲ ಅವನು.

"ಲೇ, ಕೋರ್ಟಿಗೆ ಓಗ್ತೀನಿ ಇವತ್ತು."

"ಹೋಗು ಅಕ್ಕಯ್ಯ. ಅದು ನಿನ್ನ ಹಕ್ಕು."

"ನೀನು ಬತ್ತೀಯಾ?"

"ಕರೆದ್ರೆ ಬರ್ತೀನಿ. ಏನಾಯ್ತೋ ಎಲ್ಲಾ ಹೇಳ್ತೀನಿ. ಯಾರಿಗೆ ಹಾಕ್ದೆ ಅನ್ನೋದೊಂದು ಬಿಟ್ಟು."

"ಕೊಡು ಎಡಗೈನ!" ಅಂತ ಗದರಿ ಎಳ್ಕೊಂಡೆ. ತೋರುಬೆರಳಿಗೆ ಪ್ಲಾಸ್ಟಿಕ್ ಕವರು ಸುತ್ತಿ ದಾರ ಕಟ್ಟಿದ್ದ. ಗಾಯ ಏನೋ ಅಂದ್ಕೊಂಡೆ. ಬಿಚ್ಚಿದ್ರೆ ಮಸಿ. ಓಟು ಹಾಕಿ ಎಷ್ಟೋ ದಿನ ಆಗಿತ್ತು, ನಮ್ಮದೆಲ್ಲ ಚರ್ಮದ ಮೇಲೆ ಅಳಿಸಿಹೋಗಿತ್ತು. ಇವನದು ನಿನ್ನೆ ಹಾಕಿದ ಹಂಗೆ ಕಪ್ಪಗೆ ಮಿನುಗ್ತಾ ಇತ್ತು. ಸ್ನಾನ ಮಾಡುವಾಗ, ತಟ್ಟೆ ತೊಳೆಯುವಾಗ ನೀರು ಸೋಕದ ಹಂಗೆ ಕಟ್ಟಿಟ್ಕೊಂಡಿದಾನೆ, ಹುಚ್ಚು ಮುಂಡೇದು! ಹುಚ್ಚಿಲ್ಲ ಅಂತ ಮೊದಲೇ ಹೇಳಿಬಿಟ್ಟಿದೀನಲ್ಲ, ಹೋಗಲಿ.

ಹೆಬ್ಬೆರಳು ತೆಗೆದೆ. ತೋರುಬೆರಳು ಬಿಟ್ಟು ನಡುವಿಂದು, ಉಂಗುರದ್ದು, ಕಿರುಬೆರಳು ತೆಗೆದೆ. ಕೊನೆಗೆ ತೋರುಬೆರಳು ಹಿಡಿದೆ. ಉಗುರು ಬೆಳೆದಿತ್ತು. ಬುಡದಲ್ಲಿ ಹೊಸ ಉಗುರು ಬೆಳ್ಳಗೆ ಕಾಣಿಸ್ಕೊಂಡು, ಮಸಿ ಮೇಲಕ್ಕೆ ಸರಿದಿತ್ತು. ಬ್ಲೇಡಿಟ್ಟರೆ ಮಸಿಗೇ ಇಡಬೇಕು.

ಅವನು ಕೈ ಹಿಂದಕ್ಕೆ ಎಳೀಲಿಲ್ಲ. ಬೀದಿ ಕಡೆ ನೋಡ್ತಾ, "ಅಕ್ಕಯ್ಯ," ಅಂದ, "ಮುಂದಿನ ಸಲ ನಾನು ಸಾಲಲ್ಲಿ ಮೊದಲು ನಿಲ್ತೀನಿ. ಯಾರನ್ನೂ ಮುಂದಕ್ಕೆ ಬಿಡಲ್ಲ."

ಬಸುರೀನೂ ಬಿಡಲ್ವಾ, ಕಣ್ಣು ಕಾಣದ ಅಜ್ಜೀನೂ ಬಿಡಲ್ವಾ, ಹಂಗಾದ್ರೆ ನಿಮ್ಮ ಆಯೋಗದ ನಿಯಮ ಏನಾಯ್ತೋ ಅಂತ ಕೇಳೋಣ ಅಂತ ಬಾಯಿ ತೆಗೆದೆ. ಅವನ ಮುಖ ನೋಡಿ ಬ್ಲೇಡು ಕೆಳಗಿಟ್ಟೆ.

ಒಳಗೆ ಫೋನು ಹೊಡ್ಕೊಳ್ತಾ ಇತ್ತು. ವಕೀಲರದ್ದೇ ಇರಬೇಕು. ಅದರ ಪಾಡಿಗೆ ಅದು ಹೊಡ್ಕೊಂಡು ಸುಮ್ಮನಾಯ್ತು.

ಪ್ಲಾಸ್ಟಿಕ್ ಕವರು ತಗೊಂಡು ಬೆರಳಿಗೆ ಮತ್ತೆ ಸುತ್ತಿ, ದಾರ ಎರಡು ಸುತ್ತು ಹಾಕಿ ಬಿಗಿಯಾಗಿ ಕಟ್ಟಿದೆ. ಒಂಬತ್ತು ಉಗುರು ಗುಡಿಸಿ ತಿಪ್ಪೆಗೆ ಹಾಕಿ ಬಂದೆ.

"ಏಳ್ಲಾ," ಅಂದೆ, "ಮುದ್ದೆ ಆರೋಗ್ತದೆ."